ಕರಿ ಕಾರಿಗೆ ಮೆತ್ತನೆಯ ಅರಿವೆ

ರವಿವಾರ ಮುಂಜಾನೆ ಹತ್ತರೊಳಗೆ ನಾನು ಮಾಡಿದ್ದಿಷ್ಟು. ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರು ಹಿಡಿದೆ. ಹದಿನಾರು ರೊಟ್ಟಿ ಬಡಿದೆ. ಅತ್ತೆಯವರ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಎರಡು ಬುಟ್ಟಿ ಅರಿವೆ ಒಗೆದೆ.

ಅಷ್ಟೇ ಹೊತ್ತಿನಲ್ಲಿ ನಮ್ಮ ಯಜಮಾನರು ಕಾರಿನ ಟಾಪು ತೊಳೆದರು. (ಟಾಪು ಮಾತ್ರ. ಬಾಗಿಲು, ಬಾನೆಟ್ಟು ಇನ್ನೂ ಬಾಕಿ.)

ಕಾರು ಬಂದು ಮೂರು ವಾರ. ಬಣ್ಣ ಕರಿದು. ಬೈಲಹೊಂಗಲದ ಧೂಳಿನಲ್ಲಿ ಕರಿ ಕಾರು ಕೊಳ್ಳುವವರು ಎಂಥವರು? ಅಂಥವರನ್ನೇ ನಾನು ಮದುವೆಯಾಗಿದ್ದೇನೆ. "ಕರಿದು ರಿಚ್ ಕಾಣಸ್ತೈತಿ" ಅಂದಿದ್ದರು. ಮಾರ್ಕೆಟ್ ಯಾರ್ಡಿನ ತನಕ ಒಂದು ಸುತ್ತು ಹೋಗಿ ಬಂದರೆ ಸಾಕು, ಆ ರಿಚ್ ಕಾರು ಹಿಟ್ಟು ಬಿದ್ದ ರೊಟ್ಟಿ ಹಂಚಿನಂತಾಗುತ್ತದೆ.

ತೊಳೆಯಲಿಕ್ಕೂ ಒಂದು ಶಾಸ್ತ್ರ. ಶೋರೂಮಿನವ ಹೇಳಿಕೊಟ್ಟದ್ದು ಇವರಿಗೆ ಬಾಯಿಪಾಠ. ನೆರಳಿನಲ್ಲೇ ತೊಳೆಯಬೇಕು. ಮೊದಲು ಬರೀ ನೀರು ಸುರಿದು ಧೂಳು ಇಳಿಸಬೇಕು. ಶಾಂಪೂ ನೀರಿಗೊಂದು ಬಕೆಟ್ಟು, ಸ್ಪಂಜು ಜಾಲಾಡಲಿಕ್ಕೆ ಇನ್ನೊಂದು. ಗುಂಡಗೆ ತಿಕ್ಕಬಾರದು, ನೆಟ್ಟಗೆ ಎಳೆಯಬೇಕು. ಉಂಗುರ, ವಾಚು ತೆಗೆದಿಡಬೇಕು. ಬೋರಿನ ನೀರು ಉಪ್ಪು, ಕಲೆ ಬೀಳುತ್ತದಂತೆ. ಹಾಗಾಗಿ ನಾನು ಹಿಡಿದಿಟ್ಟ ನಳದ ನೀರೇ ಬೇಕು. (ಉಂಡ ತಾಟು ಬಚ್ಚಲಿಗೆ ಒಯ್ಯುವ ಶಾಸ್ತ್ರ ಯಾವ ಶೋರೂಮಿನವನೂ ಹೇಳಿಕೊಟ್ಟಿಲ್ಲ.)

ಪಕ್ಕದ ಮನೆಯ ಗುರುಪಾದಪ್ಪ ಕಾಕಾ ಕಟ್ಟೆಯ ಮೇಲೆ ಕುಂತು ನೋಡುತ್ತಿದ್ದರು.

"ಏನೋ ಈರಣ್ಣಾ, ಕೂಸಿಗೆ ಎರದಂಗ ಎರ್ಯಾಕತ್ತೀಯಲ್ಲೋ! ಲೋಬಾನದ ಹೊಗಿ ಹಾಕೂದೂ ಐತೇನು?"

"ನಗಬ್ಯಾಡ್ರಿ ಕಾಕಾ. ಒಂದ ಉಸುಕಿನ ಕಾಳ ಸಿಕ್ರ ಗೀರು ಬೀಳತೈತಿ."

"ನಾವು ಎತ್ತಿನ ಮೈ ಹುಲ್ಲಿಲೇ ತಿಕ್ಕತಿದ್ವಿ. ಒಂದರ ಗೀರು ಬಿದ್ದಿತ್ತೇನು?"

ತೊಳೆದದ್ದಾಯಿತು. ಇನ್ನು ಒರೆಸುವ ಶಾಸ್ತ್ರ. "ಮೆತ್ತನ್ನ ಹತ್ತಿ ಅರಿವಿ ಕೊಡು" ಅಂದರು. ಟಾವೆಲ್ ಕೊಟ್ಟೆ. ಗಲ್ಲಕ್ಕೆ ಒತ್ತಿ ನೋಡಿ, "ಇದು ಒರಟ ಐತಿ" ಅಂದರು. ಹಳೇ ದೋತರ ಕೊಟ್ಟೆ. "ಇದಕ್ಕ ಗಂಜಿ ಹಾಕೀಯಲ್ಲ!" ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು, ನಾನು ಒಳಗೆ ಹೋದೆ. ಅವರು ತಾವೇ ಹೋಗಿ ನನ್ನ ಟ್ರಂಕು ತೆಗೆದರು.

ಸ್ವಲ್ಪ ಹೊತ್ತಿಗೆ ಹೊರಗೆ "ಅಯ್ಯಯ್ಯೋ!" ಅಂತ ಕೂಗು. ಕೈ ಒರೆಸಿಕೊಳ್ಳುತ್ತ ಓಡಿದೆ. ಬಾನೆಟ್ಟಿನ ಮೇಲೆ ಮೊಳದುದ್ದ ಬಿಳಿ ಗೀರು. ಯಜಮಾನರ ಕೈಯಲ್ಲಿ ನಮ್ಮವ್ವನ ಸೀರೆ.

ರಾಮದುರ್ಗದ ಮಗ್ಗದ ಹತ್ತಿ ಸೀರೆ. ಹೋದ ವರ್ಷ ತೀರಿಕೊಳ್ಳುವ ಮುಂಚೆ ಅವ್ವ ಕಡೆಯದಾಗಿ ಉಟ್ಟು ಬಿಚ್ಚಿಟ್ಟದ್ದು. ನಾನು ಅದನ್ನು ಒಗೆದಿರಲಿಲ್ಲ. ಎಲೆ ಅಡಿಕೆ, ವಿಭೂತಿ, ಒಲೆಯ ಹೊಗೆ, ಎಲ್ಲ ಕೂಡಿದ ಅವಳ ವಾಸನೆ ಅದರಲ್ಲಿತ್ತು. ಬ್ಯಾಸರಾದಾಗ ಟ್ರಂಕು ತೆಗೆದು ಮೂಗಿಗೆ ಹಿಡಿಯುತ್ತಿದ್ದೆ. ಈಗ ಅದರಿಂದ ಶಾಂಪೂ ನೀರು ತೊಟ್ಟಿಕ್ಕುತ್ತಿತ್ತು.

ಸೆರಗಿನ ಮೂಲೆಯಲ್ಲಿ ಬಾಯಿ ತೆರೆದ ಪಿನ್ನು. ನಮ್ಮ ಕಡೆಯ ಹೆಣ್ಣುಮಕ್ಕಳ ಸೆರಗಿನಲ್ಲಿ ಒಂದು ಪಿನ್ನು ಇರಲೇಬೇಕಲ್ಲ? ಮುಳ್ಳು ತೆಗೆಯಲಿಕ್ಕೆ, ಹರಿದ ಚಪ್ಪಲಿ ಹಿಡಿಸಲಿಕ್ಕೆ, ಬಸ್ಸಿನಲ್ಲಿ ಮೈಮೇಲೆ ಬೀಳುವವರಿಗೆ ಬುದ್ಧಿ ಹೇಳಲಿಕ್ಕೆ. ಈ ಶಾಸ್ತ್ರ ಶೋರೂಮಿನವನಿಗೆ ಗೊತ್ತಿರಲಿಲ್ಲ ಕಾಣುತ್ತದೆ.

"ನಿಮ್ಮವ್ವ ಹೋಗಿ ವರ್ಷಾದ್ರೂ ನನ್ನ ಬಿಡವಲ್ಲರಲ್ಲ!" ಅಂದರು ಯಜಮಾನರು.

"ಉಂಗುರ ತಗದ್ರಿ, ವಾಚ್ ತಗದ್ರಿ. ಸೀರಿ ಯಾರದು ಅಂತ ಒಂದ ಮಾತ ಕೇಳಾಕ ಬಾಯಿ ಇರಲಿಲ್ಲೇನ್ರಿ?"

"ಹಳೇ ಸೀರಿಗೆ ಇಷ್ಟ್ಯಾಕ? ಪೇಂಟ್ ನೋಡ ಇಲ್ಲಿ, ಪೇಂಟ್!"

ಓಣಿಯ ಗಂಡಸರೆಲ್ಲ ಬಂದರು. ಒಬ್ಬೊಬ್ಬರೂ ಗೀರಿನ ಮೇಲೆ ಬೆರಳಾಡಿಸಿ ಲೊಚಗುಟ್ಟಿದರು. ಅವ್ವನನ್ನು ಮಣ್ಣು ಮಾಡಿದ ದಿನವೂ ಇಷ್ಟು ಮಂದಿ ಲೊಚಗುಟ್ಟಿರಲಿಲ್ಲ. ಕಾಕಾ ಒಬ್ಬರೇ, ನಾನು ಕಸಿದುಕೊಂಡು ಹಿಡಿದಿದ್ದ ಹಸಿ ಅರಿವೆ ನೋಡಿ, "ಅದು ನಿಮ್ಮವ್ವನ ಸೀರಿ ಅಲ್ಲೇನ, ಯವ್ವಾ?" ಅಂದರು. ಆಮೇಲೆ ಅವರು ಎತ್ತಿನ ಮಾತು ತೆಗೆಯಲಿಲ್ಲ.

ರಾತ್ರಿ ಮುಂಜಾನೆಯ ರೊಟ್ಟಿಯನ್ನೇ ಪುಂಡಿಪಲ್ಯ, ಗುರೆಳ್ಳು ಹಿಂಡಿ ಹಚ್ಚಿಕೊಂಡು ಉಂಡೆವು. ಯಜಮಾನರು ಕಾರಿಗೆ ಹೊದಿಕೆ ಹೊಚ್ಚಿ ಬಂದು, ಎಲ್ಲರಿಗಿಂತ ಮೊದಲು ಮಲಗಿದರು. ಗೀರು ಹೋಗಲಿಕ್ಕೆ ಬೆಳಗಾವಿಯಲ್ಲಿ ಎಂಥದೋ ಪಾಲಿಶ್ ಸಿಗುತ್ತದಂತೆ.

ಅವ್ವನ ವಾಸನೆ ಯಾವ ಪೇಟೆಯಲ್ಲಿ ಸಿಗುತ್ತದೆ?