ತೆಗೀಲಾ ಅಂತ ಕೇಳಿದ್ಯಾ?

ನಮ್ಮ ಡ್ರಾಯಿಂಗ್ ಮೇಡಂ ಬ್ರಷ್ ಒರೆಸುತ್ತಿದ್ದುದು ಸೀರೆಯ ಸೆರಗಿಗೆ. ಒರೆಸುವ ಬಟ್ಟೆ ಮೇಜಿನ ಮೇಲೇ ಇರುತ್ತಿತ್ತು, ಅದನ್ನು ಮುಟ್ಟುತ್ತಿರಲಿಲ್ಲ. ಹಸಿರು, ಕೆಂಪು, ಇಟ್ಟಿಗೆ ಬಣ್ಣ ಎಲ್ಲ ಸೇರಿ ಸೆರಗಿನ ತುದಿ ಒಣರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ಆಲ್ದೂರಿನ ಬಸ್ಸಿಳಿದು ಸ್ಕೂಲಿನ ಏರು ಹತ್ತುತ್ತಿದ್ದರೆ, ಸೂತ್ರ ಉರು ಹೊಡೆಯುತ್ತಿದ್ದ ನಾವೆಲ್ಲ ಕಿಟಕಿಗೆ ಬರುತ್ತಿದ್ದೆವು.

ಅವರ ಮೊದಲ ಪೀರಿಯಡ್ಡಿನಲ್ಲೇ ಎಡವಟ್ಟಾಯಿತು. ಮೇಜಿನ ಮೇಲೆ ಮಡಕೆ ಇಟ್ಟು, "ಇದನ್ನ ಬರೆದು ಶೇಡ್ ಕೊಡಿ" ಎಂದರು. ನಾವು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮಕ್ಕಳು. ನಮಗೆ ಶೇಡ್ ಅಂದರೆ ಕಾಫಿ ಗಿಡಕ್ಕೆ ನೆರಳು ಕೊಡುವ ಮರ, ಮತ್ತೆಂಥದೂ ಅಲ್ಲ. ಅರ್ಧ ಕ್ಲಾಸು ಮಡಕೆಯ ಪಕ್ಕ ಸಿಲ್ವರ್ ಮರ ಬರೆದಿತ್ತು. ನಾನಂತೂ ಮಹಾ ಬುದ್ಧಿವಂತೆ, ಮರಕ್ಕೆ ಮೆಣಸಿನ ಬಳ್ಳಿಯನ್ನೂ ಹಬ್ಬಿಸಿದ್ದೆ. ಮೇಡಂ ಒಂದೊಂದೇ ಹಾಳೆ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. "ನೀವು ಹೇಳಿದ್ದೇ ಬರ್ದಿದೀವಿ, ನಗೋದೆಂಥಕ್ಕೆ?" ಎಂದು ಎದ್ದು ನಿಂತೇ ಕೇಳಿದೆ. ನಗು ನಿಲ್ಲಿಸಿ, "ಸರಿ ಮಾರಾಯ್ತಿ, ತಪ್ಪು ನಂದೇ. ನಡೀರಿ ಎಲ್ಲ ಹೊರಗೆ" ಎಂದವರು ಇಡೀ ಕ್ಲಾಸನ್ನು ಪಕ್ಕದ ತೋಟಕ್ಕೆ ಕರೆದುಕೊಂಡು ಹೋದರು. ಎಲೆಗಳ ಸಂದಿಯಿಂದ ಬಂದ ಬಿಸಿಲು ಮೂಗಿನ ಒಂದು ಬದಿಗೆ ಬಿದ್ದರೆ ಇನ್ನೊಂದು ಬದಿ ಹೇಗೆ ಕಪ್ಪಾಗುತ್ತದೆ ಅಂತ ಒಬ್ಬೊಬ್ಬರನ್ನೇ ನಿಲ್ಲಿಸಿ ತೋರಿಸಿದರು. ಅವತ್ತಿನಿಂದ ನನಗೆ ಅವರೆಂದರೆ ಹುಚ್ಚು ಪ್ರೀತಿ.

ಅವರ ಹತ್ತಿರ ಸ್ವಂತದ್ದೊಂದು ಹಳೇ ಕ್ಯಾಮೆರಾ ಇತ್ತು. ಬ್ಯಾಟರಿಯ ಮುಚ್ಚಳ ನಿಲ್ಲದೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ಅದನ್ನು ನಮ್ಮ ಕೈಗೇ ಕೊಟ್ಟರು. ಬಿದ್ದರೆ ಬೀಳಲಿ ಅನ್ನೋರು. ಒಂದು ವಿಷಯದಲ್ಲಿ ಮಾತ್ರ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ. ನಾವು ಯಾರದೇ ಫೋಟೊ ತೆಗೆದು ತಂದರೂ ಮೊದಲ ಪ್ರಶ್ನೆ, "ತೆಗೀಲಾ ಅಂತ ಕೇಳಿದ್ಯಾ?" ಇಲ್ಲ ಅಂದರೆ ಮುಗಿಯಿತು. ಎಷ್ಟೇ ಚೆನ್ನಾಗಿ ಬಂದಿರಲಿ, ನಮ್ಮ ಕೈಯಿಂದಲೇ ಅಳಿಸುತ್ತಿದ್ದರು.

ನಾವು ಹತ್ತಕ್ಕೆ ಬಂದಾಗ ಬಯಲುಸೀಮೆ ಕಡೆಯಿಂದ ಹೊಸ ಹೆಡ್ಮಾಸ್ಟರು ಬಂದರು. ಹತ್ತನೇ ಕ್ಲಾಸಿಗೆ ಡ್ರಾಯಿಂಗ್ ಯಾಕೆ, ಆ ಪೀರಿಯಡ್ ಗಣಿತಕ್ಕೆ ಕೊಡಿ ಎಂದರು. ಮೇಡಂ ಕೊಡಲ್ಲ ಎಂದರು. ಸ್ಟಾಫ್ ರೂಮಿನ ಮಾತು ಹೊರಗಿದ್ದ ನಮಗೂ ಕೇಳಿಸಿತು: "ಪೋಷಕರ ಸಭೆಗೆ ಲೈನಿನವ್ರು ಒಬ್ರಾದ್ರೂ ಬರ್ತಾರಾ ಸಾರ್? ಮುಂದಿನ ಸಭೆ ದಿನ ಮಕ್ಕಳು ತೆಗೆದ ಫೋಟೊ ಹಾಕ್ತೀನಿ. ಅವ್ರು ಬಂದ್ರೆ ಪೀರಿಯಡ್ ನಂದು. ಬರ್ಲಿಲ್ಲ ಅಂದ್ರೆ ನಿಮ್ದು." ಯಾರೂ ಬರಲ್ಲ ಅನ್ನುವ ಧೈರ್ಯದ ಮೇಲೆ ಹೆಡ್ಮಾಸ್ಟರು ಒಪ್ಪಿದರು. ಆ ಒಂದು ಪೀರಿಯಡ್ ಹೋದರೆ ಸ್ಕೂಲಿನಲ್ಲಿ ನನ್ನದು ಅನ್ನುವಂಥದ್ದು ಏನೂ ಇರಲಿಲ್ಲ.

ಕೆಲಸ ಮಾಡುವ ಅಪ್ಪ ಅಮ್ಮಂದಿರ ಫೋಟೊ ತರೋದು ಅಂತ ಆಯಿತು. ನನ್ನ ಅಮ್ಮ ಕಾಫಿ ಹಣ್ಣು ಕುಯ್ಯುವವಳು. ಕೇಳಿದರೆ, "ಬೇಡ" ಅಂದಳು. ಹಿಂದೆ ಅತ್ತಿಗುಂಡಿ ಕಡೆ ಕೆಲಸಕ್ಕಿದ್ದಾಗ ಟೂರಿಸ್ಟುಗಳು ಕಾರು ನಿಲ್ಲಿಸಿ ಅವಳ ಫೋಟೊ ಹೊಡೆದುಕೊಂಡು ಹೋಗಿದ್ದರು. ಸೀರೆ ಮೇಲೆ ಅಪ್ಪನ ಹಳೇ ಶರ್ಟು, ಸೊಂಟಕ್ಕೆ ಗೋಣಿಚೀಲ, ತಲೆಗೆ ಟವೆಲು. ಅದು ಮೊಬೈಲಿಂದ ಮೊಬೈಲಿಗೆ ಸುತ್ತಿ ನಮ್ಮ ನೆಂಟರ ಮದುವೆ ಮನೆಗೂ ಬಂದು, ಎಲ್ಲರೂ ನಕ್ಕಿದ್ದರು. "ಆ ಅವತಾರದಲ್ಲಿ ಇನ್ನೊಂದ್ಸಲ ನಿಲ್ಲಲ್ಲ" ಅಂದಳು. ನಾನು ಕೂಗಾಡಿದೆ, ಊಟ ಬಿಟ್ಟೆ, ಏನೂ ನಡೆಯಲಿಲ್ಲ. ಮೇಡಂ ಹತ್ತಿರ ಹೋಗಿ ಅತ್ತೆ.

"ಬೇಡ ಅಂದ್ರೆ ಬೇಡ" ಅಂದರು.

"ಪೀರಿಯಡ್ ಹೋಗುತ್ತೆ ಮೇಡಂ!"

"ಹೋಗ್ಲಿ. ಅವ್ರ ಮುಖ ಅವ್ರದ್ದು."

ಹಾಗೆ ಅಂದವರು ಭಾನುವಾರ ನಮ್ಮ ಲೈನಿಗೇ ಬಂದುಬಿಟ್ಟರು. ಫೋಟೊ ಮಾತೇ ಎತ್ತಲಿಲ್ಲ. ಅಕ್ಕಿ ರೊಟ್ಟಿ ತಿಂದು, ಬೆಲ್ಲದ ಕಾಫಿ ಕುಡಿದು, ಹೊರಡುವಾಗ ಮಾತ್ರ ಅಮ್ಮನನ್ನು ಕೇಳಿದರು: "ಫೋಟೊದಲ್ಲಿ ನಿಮಗೆ ಹೇಗೆ ಕಾಣ್ಬೇಕು ಅಂತ ಆಸೆ?"

ಇಂಥ ಪ್ರಶ್ನೆಯನ್ನು ಅಮ್ಮನಿಗೆ ಯಾರೂ ಕೇಳಿರಲಿಲ್ಲ. ಎದ್ದು ಒಳಗೆ ಹೋದಳು, ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಳು. ಬಂದವಳು ನೇರ ತೋಟಕ್ಕೆ ನಡೆದು, ದಿನಾ ಹಣ್ಣು ಕುಯ್ಯುವ ಸಾಲಿನಲ್ಲೇ ನಿಂತಳು. "ಕೆಲಸದ ಫೋಟೊ ಬೇಕಿರೋದು, ಇದೆಂಥದಮ್ಮಾ?" ಎಂದು ಗೊಣಗಿದೆ. ಮೇಡಂ ನನ್ನ ತಲೆಗೊಂದು ಮೊಟಕಿ, "ತೆಗಿ" ಎಂದರು.

ಸಭೆಯ ದಿನ ಮಧ್ಯಾಹ್ನ ಕಳೆದರೂ ಹಾಲ್ ಖಾಲಿ. ಗೋಡೆ ತುಂಬ ಫೋಟೊ, ನೋಡೋರು ಯಾರೂ ಇಲ್ಲ. ಹೆಡ್ಮಾಸ್ಟರು ಬೀಗ ಹಾಕಿಸಲು ಬಂದರು. ಮೇಡಂ ಬಾಗಿಲಿಗೆ ಅಡ್ಡ ನಿಂತರು. "ತೋಟದಲ್ಲಿ ಇನ್ನೂ ಕೆಲಸ ಬಿಟ್ಟಿಲ್ಲ ಸಾರ್. ಕಾಯ್ಬೇಕು." ಕಾದೆವು. ಬಂದರು ಮಾರಾಯ್ರೇ, ಬಂದರು! ಕೆಲಸ ಬಿಟ್ಟವರು ಮನೆಗೂ ಹೋಗದೆ ಹಾಗೇ ಬಂದಿದ್ದರು, ಅದೇ ಶರ್ಟು, ಅದೇ ಗೋಣಿಚೀಲ. ಹಿಂದಿನಿಂದ ತೋಟದ ಕೆಲಸ ಮಾಡಿಸುವ ಮೇಸ್ತ್ರಿಯೂ ಬಂದ.

ಅಮ್ಮ ತನ್ನ ಫೋಟೊ ಎದುರು ನಿಂತಳು. ಹೆಡ್ಮಾಸ್ಟರು ಗೋಡೆಯ ರೇಷ್ಮೆ ಸೀರೆ ನೋಡಿದರು, ಅಮ್ಮನ ಕೊಳೆ ಶರ್ಟು ನೋಡಿದರು. "ಇದು ನೀವೇನಮ್ಮಾ?"

"ಎರಡೂ ನಾನೇ ಸಾರ್" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ಬೇಕಾದ್ರೆ ಹೀಗೇ ಒಂದು ತೆಗಿ" ಅಂದಳು. ಎಲ್ಲಿ ಮತ್ತೆ ಬೇಡ ಅನ್ನುತ್ತಾಳೋ ಅಂತ ಅವಸರದಲ್ಲಿ ಬಟನ್ ಒತ್ತಿದೆ, ಫೋಟೊ ಅಲುಗಿತು. ಇವತ್ತಿಗೂ ನಮ್ಮ ಮನೆಯ ಗೋಡೆ ಮೇಲಿರುವುದು ಆ ಮಸುಕು ಫೋಟೊವೇ. ಪೀರಿಯಡ್ಡಿನ ವಿಷಯ ಹೆಡ್ಮಾಸ್ಟರು ಮತ್ತೆ ಎತ್ತಲಿಲ್ಲ.

ಈಗ ನಾನೂ ಮೂಡಿಗೆರೆ ಕಡೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಡಂ. ವರ್ಷಕ್ಕೊಮ್ಮೆ ಯಾರಾದರೂ ನನ್ನ ಪೀರಿಯಡ್ಡಿಗೆ ಕೈ ಹಾಕುತ್ತಾರೆ. ಜಗಳಗಂಟಿ ಅಂತ ಹೆಸರು ಬಂದಿದೆ, ಬರಲಿ, ಕೊಟ್ಟಿಲ್ಲ. ರಜೆ ಬಂದರೆ ಮೇಡಂ ಮನೆಗೆ ಹೋಗುತ್ತಿದ್ದೆ, ಇಬ್ಬರೂ ಕ್ಯಾಮೆರಾ ಹಿಡಿದು ಮಲ್ಲಂದೂರು ಕಡೆ ಸುತ್ತುತ್ತಿದ್ದೆವು. ನನ್ನ ಪಾಲಿಗೆ ಅವರು ಎರಡನೇ ತಾಯಿ ಅಂತ ಬಾಯಿಬಿಟ್ಟು ಹೇಳಿಯೂ ಇದ್ದೆ. "ಸಾಕು ಸುಮ್ನಿರು" ಅಂದಿದ್ದರು.

ಹೋದ ವರ್ಷ ತೀರಿಕೊಂಡರು. ಸುದ್ದಿ ಕೇಳಿ ಓಡಿದೆ. ಹಾರ ಹಾಕಲು ಒಂದು ಫೋಟೊ ಬೇಕು ಅಂತ ಅವರ ಯಜಮಾನರು ಮನೆಯೆಲ್ಲ ತಡಕುತ್ತಿದ್ದರು. ಎಲ್ಲ ಮೇಡಂ ತೆಗೆದ ಫೋಟೊಗಳೇ, ಒಂದರಲ್ಲೂ ಅವರಿಲ್ಲ. ನನ್ನನ್ನು ನೋಡಿದ್ದೇ ಯಜಮಾನರ ಮುಖ ಅರಳಿತು.

"ನೀನು ಜೊತೆಗೇ ಇರ್ತಿದ್ಯಲ್ಲ ಮಗಾ. ನಿನ್ನ ಹತ್ರ ಇದ್ದೇ ಇರುತ್ತೆ."

ಮೇಡಂ ಮೈಮರೆತು ಹಕ್ಕಿ ನೋಡುವಾಗ, ನಗುವಾಗ, ಎಷ್ಟು ಸಲ ನನ್ನ ಬೆರಳು ಬಟನ್ ಮೇಲಿತ್ತು!

"ಇಲ್ಲ ಸಾರ್" ಅಂದೆ. "ಪ್ರತಿ ಸಲ ಕೇಳ್ದೆ. ಪ್ರತಿ ಸಲ ಬೇಡ ಅಂದ್ರು."