ಒಂದೇ ಚೀಟಿಯಲ್ಲಿ ಐದು ಅಪ್ಪಣೆ

ಕೂತಲ್ಲಿಂದ ಏಳಲು ನನಗೆ ಬೇಸರ. ಈ ದುರ್ಗುಣವನ್ನು ಬಹಳ ಕಾಲ ಜಾಣತನವೆಂದೇ ನಂಬಿದ್ದೆ. ಕೊಡಗಿನ ಕುಟ್ಟದ ಬಳಿಯ ಎಸ್ಟೇಟೊಂದರಲ್ಲಿ ನಾನು ಲೆಕ್ಕಪತ್ರ ಬರೆಯುವ ರೈಟರ್. ಆಫೀಸಿನ ಕಿಟಕಿಯಾಚೆ ಕಾಫಿ ಹೂ ಬಿಟ್ಟಾಗ, ಆ ಪರಿಮಳದಲ್ಲಿ ಪೆನ್ನು ಹಿಡಿದು ಕೂತವನಿಗೆ ಎಚ್ಚರವೆಲ್ಲಿ ಮುಗಿದು ಕನಸೆಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲೇ ದಣಿಗಳು ಗಂಟೆಗೊಂದು ಅಪ್ಪಣೆ ಹೇಳಿಕಳುಹಿಸುವರು. ಪ್ರತಿಯೊಂದಕ್ಕೂ ಆಳುಗಳ ಸಾಲುಮನೆಗಳಿರುವ ಲೈನಿನವರೆಗೆ ಇಳಿದು ಹತ್ತುವುದು ಯಾರಿಗೆ ಬೇಕು? ಐದು ಅಪ್ಪಣೆ ಸೇರುವ ತನಕ ಕಾದು, ಒಂದೇ ಚೀಟಿಯಲ್ಲಿ ಸಾಲಾಗಿ ಬರೆದು, ಮೇಸ್ತ್ರಿ ಕೃಷ್ಣನ್ ಕೈಗಿತ್ತು, ಮತ್ತೆ ಹೂವಿನ ಕಡೆ ತಿರುಗುತ್ತಿದ್ದೆ.

ದೊಡ್ಡವರೂ ಹೀಗೇ ಮಾಡುತ್ತಾರೆಂಬ ಸಮಾಧಾನ ಬೇರೆ. ಆಗಷ್ಟೇ ಇಡೀ ಕೊಡಗು ಒಂದೇ ಅಪ್ಪಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿತ್ತು. ಮಲಗಿದ ಹಾಸಿಗೆಯಲ್ಲೇ ನಾವು ಬೇರೆ ರಾಜ್ಯದಲ್ಲಿ ಎದ್ದಿದ್ದೆವು. ಯಾರ ಕಾಲೂ ನೋಯಲಿಲ್ಲ.

ಒಂದು ಚೀಟಿಯಲ್ಲಿ ಹೀಗಿತ್ತು: ಕೆಳಗಿನ ಲೈನಿನ ಲಕ್ಕಮ್ಮನನ್ನು ಮೇಲಿನ ಲೈನಿಗೆ ಕಳುಹಿಸುವುದು, ಅವಳ ಕೋಣೆಯನ್ನು ಹೊಸದಾಗಿ ಬಂದ ಸಂಸಾರಕ್ಕೆ ಕೊಡುವುದು, ಉಳಿದ ಮೂರು ಚಿಲ್ಲರೆ ಕೆಲಸ. ರಿಜಿಸ್ಟರಿನಲ್ಲಿ ಹೆಸರುಗಳನ್ನು ನಾನು ಆಗಲೇ ತಿದ್ದಿಬಿಟ್ಟಿದ್ದೆ. ಮೇಲಿನ ಕೋಣೆಯ ಹೆಂಚು ಕುಸಿದಿದ್ದದ್ದು ಮಾತ್ರ ನನಗೆ ಗೊತ್ತಿರಲಿಲ್ಲ. ಎದ್ದು ಹೋಗಿ ನೋಡಿದ್ದರೆ ತಾನೇ? ಕೃಷ್ಣನ್ ಚೀಟಿಗೆ ನಿಷ್ಠನಾದ ಮನುಷ್ಯ. ಆಗದ ಮೊದಲನೆಯದನ್ನು ಬಿಟ್ಟು ಉಳಿದ ನಾಲ್ಕನ್ನೂ ಚಾಚೂ ತಪ್ಪದೆ ಮುಗಿಸಿದ.

ಮಧ್ಯಾಹ್ನ ಮೋಡ ಕವಿಯುವಾಗ ಸುದ್ದಿ ಬಂತು. ಇಳಿದು ಹೋದೆ. ಹಾಸನದ ಕಡೆಯಿಂದ ಕೂಲಿಗೆ ಬಂದಿದ್ದ ಲಕ್ಕಮ್ಮ ಎರಡು ಲೈನುಗಳ ನಡುವಿನ ದಾರಿಯಲ್ಲಿ ಪಾತ್ರೆಗಂಟು ಇಟ್ಟುಕೊಂಡು ನಿಂತಿದ್ದಳು, ಸೊಂಟದಲ್ಲಿ ಎಳೆಗೂಸು. ಅವಳ ಕೋಣೆಯಲ್ಲಿ ಹೊಸಬರ ಒಲೆ ಹೊತ್ತಿಯಾಗಿತ್ತು. ಅವಳು ಜಗಳವಾಡಲಿಲ್ಲ.

“ನಿಮ್ ಪುಸ್ತಕದಲ್ಲಿ ನಾನು ಆಗ್ಲೇ ಮೇಲಿನ್ ಲೈನಲ್ಲಿ ಇದೀನಂತೆ ರೈಟ್ರೇ. ಮಳೆ ಬಂದ್ರೆ ಈ ಕೂಸನ್ನ ಆ ಪುಸ್ತಕದೊಳಗೇ ಮಲಗಿಸ್ಲಾ?” ಎಂದಳು.

ನಾಚಿಕೆಯಿಂದ ಕುಗ್ಗಿಹೋದೆ. ಗಂಟನ್ನು ನಾನೇ ಹೊತ್ತು ಆಫೀಸಿಗೆ ಕರೆತಂದೆ. ಹೆಂಚು ಹೊದಿಸುವವರೆಗೆ ಮೂರು ದಿನ ತಾಯಿ ಮಗು ಒಳಗೆ, ನಾನು ಜಗಲಿಯಲ್ಲಿ. ಮೇಜಿನ ಕೆಳಗೆ ತೊಟ್ಟಿಲು ತೂಗುತ್ತಿತ್ತು. ಒಣಮೀನಿನ ಸಾರಿನ ಘಮದೆದುರು ಕಾಫಿ ಹೂವಿನ ಆಟ ನಡೆಯಲಿಲ್ಲ.

ಅಂದಿನಿಂದ ಪ್ರತಿ ಚೀಟಿಯ ಕೊನೆಗೂ ಒಂದು ಸಾಲು ಸೇರಿಸುತ್ತೇನೆ: ಇವುಗಳಲ್ಲಿ ಒಂದು ಆಗದಿದ್ದರೂ ಯಾವುದೂ ಬೇಡ, ಎಲ್ಲರೂ ಇದ್ದಲ್ಲೇ ಇರಲಿ. ಹಾಗೆ ಬರೆದ ಮೇಲೂ ಚೀಟಿಯ ಹಿಂದೆಯೇ ಇಳಿದು ಹೋಗಿ ನೋಡಿ ಬರುತ್ತೇನೆ. ಕೃಷ್ಣನ್ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಚೀಟಿ ಬರೆದವನ ಮೇಲೆ ಅಷ್ಟಿಲ್ಲ.