ಬಿಸಿಲಿಗೆ ಹಚ್ಚುವ ಕಪ್ಪು

ಎರಡು ಸಾವಿರದ ಇಸವಿಯ ಆಚೀಚೆ, ಹಾಸನದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಮತ್ತು ಅರಕಲಗೂಡಿನ ಗೆಳತಿ ಒಂದೇ ಮೇಜಿನ ಮೇಲೆ ಕೆಲಸ ಮಾಡುತ್ತಿದ್ದೆವು. ಅವಳದು ಸೌರಕೋಶಕ್ಕೆ ಲೋಹವಿಲ್ಲದ ಎಲೆಕ್ಟ್ರೋಡ್ ಮಾಡುವ ಕೆಲಸ. ವಿದ್ಯುತ್ ಹರಿಯಬಲ್ಲ ಪಾಲಿಮರ್ ದ್ರವಕ್ಕೆ ಕಾರ್ಬನ್ ನ್ಯಾನೊಕೊಳವೆಗಳ ಪುಡಿ ಬೆರೆಸಿ ಪ್ಲಾಸ್ಟಿಕ್ ಹಾಳೆಗೆ ಬಳಿಯಬೇಕು. ಆ ಪದರ ಬಿಸಿಲನ್ನು ಒಳಗೆ ಬಿಡಬೇಕು, ವಿದ್ಯುತ್ತನ್ನು ಹೊರಗೆ ಸಾಗಿಸಬೇಕು. ಪುಡಿಯೋ, ನೀರಿಗೆ ಬಿದ್ದೊಡನೆ ಗಂಟು ಕಟ್ಟುತ್ತಿತ್ತು. ಶೀಶೆಯಲ್ಲಿ ಉಳಿದದ್ದು ಒಂದು ಚಿಟಿಕೆ. ಅದೂ ಕೆಟ್ಟರೆ ಬೇರೆ ವಿಷಯ ಹಿಡಿಯಬೇಕೆಂದು ಮೇಷ್ಟ್ರು ಹೇಳಿಬಿಟ್ಟಿದ್ದರು.

ಅವಳ ಮನೆಯಲ್ಲಿ ರೇಷ್ಮೆ ಸೀರೆ ಒಗೆಯುವುದು ಅಂಟುವಾಳದ ನೊರೆಯಲ್ಲಿ. "ಜಿಡ್ಡು ಬಿಡ್ಸೋದು ಗಂಟು ಬಿಡ್ಸಲ್ವೇನೇ?" ಎಂದು ಊರಿಂದ ಒಂದು ಹಿಡಿ ಕಾಯಿ ತಂದಳು. ಅದನ್ನು ನೆನೆಸಿದ ನೀರಿಗೆ ಉಳಿದ ಪುಡಿ ಹಾಕಿ ಪೇಟೆಯ ಕನ್ನಡಕದಂಗಡಿಗೆ ಒಯ್ದೆವು. ಅಲ್ಲಿ ಫ್ರೇಮುಗಳನ್ನು ನಡುಗಿಸಿ ತೊಳೆಯುವ ಪುಟ್ಟ ಯಂತ್ರವಿತ್ತು. ಶೀಶೆಯನ್ನು ಅದರೊಳಗೆ ಇಳಿಸಿದೆವು.

"ಏನಮ್ಮಾ, ಕಣ್ಕಪ್ಪಾ?" ಅಂದರು ಅಂಗಡಿಯವರು.

"ಕಣ್ಗಲ್ಲ ಸಾ, ಬಿಸ್ಲಿಗೆ ಅಚ್ಚೋದು," ಅಂದಳು ಗೆಳತಿ.

"ಬಿಸ್ಲಿಗೂ ಸಿಂಗಾರನಾ! ಮದ್ವೆ ಊಟಕ್ಕೆ ಮರೀದೆ ಕರೀರಿ."

ಅವರು ನಗುತ್ತಿರುವಾಗಲೇ ಶೀಶೆಯ ತುಂಬ ಕಪ್ಪು ಹರಡಿತು. ಒಂದು ಗಂಟೂ ಇಲ್ಲ. ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳುವಾದ ಕೊಳವೆಗಳು ಬಿಡಿಬಿಡಿಯಾಗಿ ನನ್ನ ಅಂಗೈಯ ಶೀಶೆಯಲ್ಲಿ ತೇಲುತ್ತಿದ್ದವು.

ಪಾಲಿಮರ್ ಬೆರೆಸಿ, ಹಾಳೆಗೆ ಬಳಿದು ಒಣಗಿಸಿದೆವು. ವಿದ್ಯುತ್ ಹರಿಯುತ್ತದೆಯೇ ಎಂದು ಅಳೆದರೆ ಮೀಟರಿನ ಮುಳ್ಳು ಅಲುಗಲಿಲ್ಲ. ಅವಳು ಹಾಳೆಯನ್ನು ಮೂಸಿ ನೋಡಿದಳು.

"ಅಯ್ಯೋ, ಜಾಲಿಸ್ಲೇ ಇಲ್ಲ ಕಣೇ! ಸೀರೇನ ನೊರೆ ಜೊತೇಲೇ ಒಣಾಕ್ಬುಟ್ಟಿದೀವಿ."

ಕೊಳವೆ ಕೊಳವೆಯ ನಡುವೆ ಅಂಟುವಾಳ ಕೂತು ವಿದ್ಯುತ್ತಿಗೆ ಅಡ್ಡವಾಗಿತ್ತು. ನೀರಿಗೆ ಹಾಕಿದರೆ ಪದರವೇ ಕಿತ್ತು ಬರುವ ಭಯ. ಅವಳು ತಟ್ಟೆಗೆ ಸ್ಪಿರಿಟ್ ಸುರಿದು, ಸೆರಗು ಹಿಡಿದಂತೆ ಎರಡು ಮೂಲೆ ಹಿಡಿದು ಹಾಳೆಯನ್ನು ಮೆಲ್ಲಗೆ ಜಾಲಿಸಿದಳು. ನಾನು ಉಸಿರು ಹಿಡಿದಿದ್ದೆನೆಂದು ಬರೆಯಬಹುದು. ನಂಬಬೇಡಿ, ನನಗೆ ನೆನಪಿರುವುದು ಅವಳ ಬೆರಳುಗಳು ಮಾತ್ರ. ಪದರ ಉಳಿಯಿತು.

ಅದನ್ನು ಕೋಶಕ್ಕೆ ಜೋಡಿಸಿ ಕಿಟಕಿಯಲ್ಲಿಟ್ಟೆವು. ಇಂಥ ಕಡೆ ನೆನಪು ತಾನಾಗಿ ಬಿಸಿಲು ತಂದಿಡುತ್ತದೆ, ಅದಕ್ಕೇ ನನಗೆ ಅನುಮಾನ. ಆದರೆ ಮುಳ್ಳು ಎದ್ದಿತು. ಬಿಸಿಲು ಇದ್ದಿರಲೇಬೇಕು. ಹಾಳೆಗೆ ಪಾಲಿಮರ್ ಕೊಟ್ಟ ಮಸುಕು ನೀಲಿಯ ಆಚೆ ಅಂಗಳದ ಸೈಕಲ್ಲುಗಳು ಕಾಣುತ್ತಿದ್ದವು.

ವಿಷಯ ಬದಲಿಸು ಎನ್ನಲು ಬಂದಿದ್ದ ಮೇಷ್ಟ್ರು ಕೋಶದ ಮೇಲೆ ಅಂಗೈ ಅಡ್ಡ ಹಿಡಿದರು. ಮುಳ್ಳು ಇಳಿಯಿತು. ಕೈ ತೆಗೆದರು, ಏರಿತು. ಮತ್ತೆ ಹಿಡಿದರು. ಬೆಲ್ ಹೊಡೆದರೂ ಕ್ಲಾಸಿಗೆ ಹೋಗಲಿಲ್ಲ.

"ಇನ್ನೊಂದು ಶೀಶೆ ಪುಡಿ ತರಿಸ್ತೀನಮ್ಮ," ಅಂದರು ಅವಳಿಗೆ, ಕಣ್ಣು ಮುಳ್ಳಿನ ಮೇಲೆಯೇ ಇಟ್ಟು. "ನೀನೊಂದ್ಸಲ ನೆರಳು ಮಾಡು, ನೋಡೋಣ."